ಕೈಯಿಂದ ಕೈಗೆ ಒಂದು ಕೆಂಪು ಬಟ್ಟೆ

ಸ್ಟ್ರಾವಿನ್‌ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ಎಂದೊಡನೆ 1913ರ ಪ್ಯಾರಿಸ್ ಪ್ರದರ್ಶನದ ಗದ್ದಲದ ಕಥೆ ಬಂದೇ ಬರುತ್ತದೆ. ಆ ಗದ್ದಲದಲ್ಲಿ ನಾವು ಮರೆಯುವುದೆಂದರೆ, ಇದು ಒಬ್ಬ ಹುಡುಗಿಯನ್ನು ಆರಿಸಿ, ಅವಳು ಕುಣಿದು ಕುಣಿದು ಸಾಯುವುದನ್ನು ಉಳಿದವರು ನೋಡುವ ಕಥೆ. ನಿಜಿನ್‌ಸ್ಕಿಯ ನೃತ್ಯದಲ್ಲಿ ಈ ಸಾವಿಗೊಂದು ಸಮರ್ಥನೆಯಿತ್ತು: ಪ್ರಾಚೀನ ರಷ್ಯಾ, ಹಿರಿಯರು, ನೆಲಕ್ಕೆ ಮುತ್ತಿಡುವ ಮುದುಕ, ಒಲಿಸಿಕೊಳ್ಳಬೇಕಾದ ವಸಂತ.

ಪೀನಾ ಬೌಷ್ 1975ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಇದೇ ಸಂಗೀತಕ್ಕೆ ನೃತ್ಯ ಕಟ್ಟಿದಾಗ ಕಿತ್ತುಹಾಕಿದ್ದು ಆ ಸಮರ್ಥನೆಯನ್ನೇ. ದೇವರಿಲ್ಲ, ಬೆಳೆಯ ಮಾತಿಲ್ಲ. ರಂಗದ ತುಂಬ ಹರಡಿದ ಕಪ್ಪು ಮಣ್ಣು, ತೆಳು ಅಂಗಿಯ ಹೆಂಗಸರು, ಎದೆ ತೆರೆದ ಗಂಡಸರು, ಒಂದು ಕೆಂಪು ಉಡುಪು, ಅಷ್ಟೆ.

ಆ ಮಣ್ಣು ಅಲಂಕಾರಕ್ಕಲ್ಲ. ಕಾಲು ಹೂತು ಓಟ ಭಾರವಾಗುತ್ತದೆ, ಬೆವರಿಗೆ ಮಣ್ಣು ಮೆತ್ತುತ್ತದೆ, ವಾದ್ಯಗಳು ತಡೆದಲ್ಲೆಲ್ಲ ಏದುಸಿರು ಕೇಳುತ್ತದೆ. ದಣಿವನ್ನು ಮುಚ್ಚಿಡುವುದು ಬ್ಯಾಲೆಯ ಹಳೆಯ ಶಿಸ್ತು. ಇಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಆ ದಣಿವು ಕಣ್ಣೆದುರೇ ಕೂಡುತ್ತ ಹೋಗುತ್ತದೆ. ಕೊನೆಯಲ್ಲಿ ಒಬ್ಬಂಟಿಯಾಗಿ ಕುಣಿಯುವವಳ ಬಳಲಿಕೆಯಲ್ಲಿ ಎಷ್ಟು ನಟನೆ, ಎಷ್ಟು ನಿಜ ಎಂದು ಹೇಳುವುದು ಕಷ್ಟ. ತಾಳ ಪದೇ ಪದೇ ಮುರಿಯುವ ಆ ಸಂಗೀತ ಅವಳಿಗೆ ಕಾಲೂರಲೂ ಬಿಡುವುದಿಲ್ಲ.

ಇದನ್ನು ಗಂಡಸರ ಕ್ರೌರ್ಯದ ಚಿತ್ರವೆಂದು ಓದುವುದು ವಾಡಿಕೆ. ತಪ್ಪಲ್ಲ, ಆದರೆ ಸಾಲದು. ಕೆಂಪು ಉಡುಪು ಹೆಂಗಸರ ಕೈಯಿಂದ ಕೈಗೆ ಕೆಂಡದಂತೆ ದಾಟುವುದನ್ನು ಗಮನಿಸಿ. ಅದನ್ನು ಹಿಡಿದವಳು ನಡುಗುತ್ತಾಳೆ. ದಾಟಿಸಿದವಳು ಗುಂಪಿನೊಳಗೆ ಸೇರಿಕೊಳ್ಳುತ್ತಾಳೆ. ಒಬ್ಬಳ ಬಿಡುಗಡೆ ಇನ್ನೊಬ್ಬಳ ಸರದಿ. ಸಂಗೀತದಲ್ಲಿ ಬಲಿಯ ಆಯ್ಕೆ ಖಚಿತವಾಗುವಲ್ಲಿ ಹನ್ನೊಂದು ಒಂದೇ ಬಗೆಯ ಪೆಟ್ಟುಗಳಿವೆ. ಈ ನೃತ್ಯ ನೋಡಿದ ಮೇಲೆ ಅವು ಉತ್ಸವದ ನಗಾರಿಯಂತೆ ಕೇಳುವುದೇ ಇಲ್ಲ. (ವಿಮ್ ವೆಂಡರ್ಸ್‌ನ 2011ರ ‘ಪೀನಾ’ ಚಿತ್ರದಲ್ಲಿ ಇದರ ಭಾಗಗಳಿವೆ. ಕಣ್ಣು ಮುಚ್ಚಿಯೂ ಒಮ್ಮೆ ಕೇಳಿನೋಡಿ.)

ಬೌಷ್ 2009ರಲ್ಲಿ ತೀರಿಕೊಂಡರು. ಹಲವು ವರ್ಷಗಳ ಬಳಿಕ ಆಫ್ರಿಕಾದ ಬೇರೆ ಬೇರೆ ದೇಶಗಳ ಕಲಾವಿದರು ಸೆನೆಗಲ್‌ನಲ್ಲಿ ಈ ಕೃತಿಯನ್ನು ಕಲಿತರು. 2020ರಲ್ಲಿ ಕೊರೊನಾದಿಂದ ಪ್ರದರ್ಶನಗಳು ನಿಂತಾಗ ಸಮುದ್ರದ ದಂಡೆಯಲ್ಲೇ ಕುಣಿದರು. ಅದು ಚಿತ್ರೀಕರಣವೂ ಆಯಿತು. ಸಂಜೆಯ ಬೆಳಕು, ಮರಳು, ಅಲೆಗಳು ಎಲ್ಲ ಸುಂದರ. ನನಗೆ ತುಸು ಹೆಚ್ಚೇ ಸುಂದರವೆನಿಸಿತು: ಬಯಲಿನಲ್ಲಿ ಓಡಿಹೋಗಲು ಜಾಗವಿದೆ, ರಂಗದ ಮೇಲಿಲ್ಲ. ಇನ್ನೊಂದು ಅಪಾಯವೂ ಇತ್ತು. ಯುರೋಪು ತಾನೇ ಕಲ್ಪಿಸಿಕೊಂಡ ‘ಆದಿಮ’ ಬಲಿಯನ್ನು ಆಫ್ರಿಕಾದ ಮೈಗಳ ಮೇಲೆ ಹೊರಿಸಿ ನೋಡುವ ಅಪಾಯ. ಕಲಾವಿದರೇ ಅದನ್ನು ತಪ್ಪಿಸಿದ್ದಾರೆ. ಅಲ್ಲಿ ಒಂದೇ ಬಗೆಯ ಗುಂಪಿಲ್ಲ. ಪ್ರತಿಯೊಬ್ಬಳ ಭಯಕ್ಕೂ ಬೇರೆ ಮುಖವಿದೆ.

ಮುಂದೆ ರಂಗಕ್ಕೆ ಬಂದಾಗ ಈ ಪ್ರಯೋಗದ ಜೊತೆ ಜರ್ಮೇನ್ ಅಕೋನಿ ಮತ್ತು ಮಾಲೂ ಐರೌಡೊ ತಾವೇ ರಚಿಸಿದ ಒಂದು ಯುಗಳ ನೃತ್ಯವನ್ನೂ ಮಾಡಿದರು. ಇಬ್ಬರೂ ಎಪ್ಪತ್ತು ದಾಟಿದವರು. ಅವರ ನೃತ್ಯಕ್ಕೆ ಅವಸರವಿಲ್ಲ, ಅದರಲ್ಲಿ ಯಾರನ್ನೂ ಆರಿಸುವುದಿಲ್ಲ.