ಸರಾಸರಿಯ ಮರೆಯಲ್ಲಿ ಉಳಿದವರು

ಮುಂದುವರಿದ ಜಠರ ಕ್ಯಾನ್ಸರಿನ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತೆಂದು ಚೆಕ್‌ಮೇಟ್-649 ಅಧ್ಯಯನಕ್ಕೆ ದೊಡ್ಡ ಹೆಸರಿದೆ. ಆ ಹೆಸರಿನಲ್ಲಿ ಒಂದು ಪಾಲು ನ್ಯಾಯವಾಗಿ ಗಳಿಸಿದ್ದು. ಇನ್ನೊಂದು ಪಾಲು ಲೆಕ್ಕ ಜೋಡಿಸಿದ ರೀತಿಯಿಂದ ಬಂದದ್ದು ಎಂಬುದು ನನ್ನ ತಕರಾರು.

2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ಕೀಮೋ ಜೊತೆ, ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುವ ನಿವೊಲುಮ್ಯಾಬ್ ಔಷಧ ಪಡೆದವರ ಮಧ್ಯಮ ಜೀವಿತಾವಧಿ 13.8 ತಿಂಗಳು; ಬರೀ ಕೀಮೋ ಪಡೆದವರದು 11.6. ರೋಗಿಗಳು ಒಟ್ಟು 1581. ಈ ಅಂಕಿಗಳು ಹೇಗೆ ಬಂದವು ಎಂಬುದನ್ನು ನಿಧಾನವಾಗಿ ನೋಡಬೇಕು. ಅಧ್ಯಯನ ಮೊದಲು ಪರೀಕ್ಷಿಸಿದ್ದು ಪಿಡಿ-ಎಲ್1 ಪ್ರೋಟೀನ್ ಗೆಡ್ಡೆಯ ಚೂರಿನಲ್ಲಿ ಎಷ್ಟಿದೆಯೆಂದು ಅಳೆಯುವ ಸಿಪಿಎಸ್ ಅಂಕ 5 ಅಥವಾ ಹೆಚ್ಚಿದ್ದ 955 ಮಂದಿಯನ್ನು. ಅವರಲ್ಲಿ 14.4 ತಿಂಗಳು, ಎದುರಿಗೆ 11.1. ಇದು ನಿಜವಾದ ಗೆಲುವು. ಅಲ್ಲಿ ಗೆದ್ದ ಮೇಲೆ ಅಂಕ 1 ಅಥವಾ ಹೆಚ್ಚಿದ್ದವರು, ಆಮೇಲೆ ಎಲ್ಲರೂ ಎಂದು ಲೆಕ್ಕ ಮುಂದೆ ಸಾಗಿತು. ಪ್ರತಿ ಹೆಜ್ಜೆಯಲ್ಲೂ ಮೊದಲು ಗೆದ್ದವರು ಒಳಗೇ ಇದ್ದಾರೆ. ಅವರನ್ನು ಹೊರಗಿಟ್ಟು ಅಂಕ 5ಕ್ಕಿಂತ ಕಡಿಮೆಯವರನ್ನಷ್ಟೇ ನೋಡಿದರೆ 12.4 ತಿಂಗಳು, ಎದುರಿಗೆ 12.3. ವ್ಯತ್ಯಾಸ ಮೂರು ದಿನ.

ಇದೇ ದತ್ತಾಂಶ ಓದಿ ಯುರೋಪ್ 5ರ ಗೆರೆ ಎಳೆಯಿತು; ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಯಾವ ಗೆರೆಯೂ ಇಲ್ಲದೆ ಒಪ್ಪಿಗೆ ಕೊಟ್ಟಿತು.

ಗೆರೆ ಬೇಡ, ಎಲ್ಲರಿಗೂ ಕೊಡಿ ಎನ್ನುವವರ ವಾದ ಎರಡು. ಸಿಪಿಎಸ್ ನಂಬಲರ್ಹವಲ್ಲ, ಒಬ್ಬ ಪೆಥಾಲಜಿಸ್ಟ್ 4 ಎಂದದ್ದನ್ನು ಇನ್ನೊಬ್ಬರು 6 ಎನ್ನುತ್ತಾರೆ, ಗೆಡ್ಡೆಯ ಒಂದು ಮೂಲೆಯ ಚೂರು ಇನ್ನೊಂದರಂತಿರುವುದಿಲ್ಲ ಎಂಬುದು ಮೊದಲನೆಯದು. ನಿಜವೇ. ಆದರೆ ಅಳತೆ ತಪ್ಪಿದಾಗ ಎರಡು ಗುಂಪುಗಳು ಕಲಸಿಹೋಗಿ ಅಂತರ ಕುಗ್ಗಬೇಕು. ಇಷ್ಟು ಒರಟು ಅಳತೆಯಲ್ಲೂ ಅಂತರ ಕಣ್ಣಿಗೆ ರಾಚುತ್ತದೆಂದರೆ ಅದು ಅವರ ವಾದಕ್ಕೇ ವಿರುದ್ಧ ಸಾಕ್ಷಿ. ಉಪಗುಂಪಿನ ಲೆಕ್ಕ ಆಕಸ್ಮಿಕವಿರಬಹುದು ಎಂಬುದು ಎರಡನೆಯದು. ಒಮ್ಮೆಯಾದರೆ ಒಪ್ಪಬಹುದಿತ್ತು. ಇದೇ ಬಗೆಯ ಇನ್ನೊಂದು ಔಷಧ ಪೆಂಬ್ರೋಲಿಝುಮ್ಯಾಬ್‌ನ ಕೀನೋಟ್-859 ಅಧ್ಯಯನದಲ್ಲೂ ಎಲ್ಲರನ್ನೂ ಸೇರಿಸಿದಾಗ 12.9ಕ್ಕೆ 11.5, ಅಂಕ 10 ಅಥವಾ ಹೆಚ್ಚಿದ್ದವರಲ್ಲಿ 15.7ಕ್ಕೆ 11.8. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಎಫ್‌ಡಿಎಯ ಸಲಹಾ ಸಮಿತಿಯೇ, ಅಂಕ 1ಕ್ಕಿಂತ ಕಡಿಮೆಯವರಿಗೆ ಈ ಔಷಧಗಳು ಸಲ್ಲವೆಂದು 10–2 ಮತಗಳಿಂದ ಹೇಳಿತು. ಆ ಹೊತ್ತಿಗೆ ಒಪ್ಪಿಗೆ ಕೊಟ್ಟು ಮೂರು ವರ್ಷ ಕಳೆದಿತ್ತು. ಫಲವಿಲ್ಲದ ಔಷಧ ನಿರುಪದ್ರವಿಯೂ ಅಲ್ಲ: ಕೆರಳಿದ ರೋಗನಿರೋಧಕ ವ್ಯವಸ್ಥೆ ಕರುಳು, ಶ್ವಾಸಕೋಶ, ಥೈರಾಯ್ಡ್‌ಗಳ ಮೇಲೂ ಎರಗುತ್ತದೆ.

ಈ ಜಗಳದ ಗದ್ದಲದಲ್ಲಿ ಮೂಲೆಗೆ ಬಿದ್ದವರು ಎಂಎಸ್‌ಐ-ಹೈ ರೋಗಿಗಳು. ಇವರ ಕ್ಯಾನ್ಸರ್ ಕೋಶಗಳಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ತಪ್ಪುಗಳು ರಾಶಿಬಿದ್ದು ಅಪರಿಚಿತ ಪ್ರೋಟೀನುಗಳು ಹುಟ್ಟುತ್ತವೆ, ದೇಹದ ಕಾವಲು ಕೋಶಗಳು ಅವನ್ನು ಗುರುತಿಸಬಲ್ಲವು. ಚೆಕ್‌ಮೇಟ್‌ನಲ್ಲಿ ಇವರು ಶೇ. 3ರಷ್ಟು ಮಾತ್ರ, ಆದರೆ ಇವರ ಮಧ್ಯಮ ಜೀವಿತಾವಧಿ 38.7 ತಿಂಗಳು, ಎದುರಿಗೆ 12.3. ಸರಾಸರಿಯನ್ನು ಕೊಂಡಾಡಿದವರು ಈ ಅಂಕಿಯನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಇಂಥ ಇನ್ನೊಂದು ಗುಂಪೂ ಇದೆ: 2018ರ ಕೊರಿಯಾದ ಅಧ್ಯಯನದಲ್ಲಿ ಇಬಿವಿ ಎಂಬ ವೈರಸ್ ಇದ್ದ ಆರಕ್ಕೆ ಆರೂ ಗೆಡ್ಡೆಗಳು ಪೆಂಬ್ರೋಲಿಝುಮ್ಯಾಬ್‌ಗೆ ಕುಗ್ಗಿದವು. ಸಂಖ್ಯೆ ಚಿಕ್ಕದು, ಕಡೆಗಣಿಸುವಂಥದ್ದಲ್ಲ.

ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ, ಈ ಔಷಧಕ್ಕಾಗಿ ಜಮೀನು ಅಡವಿಡುವ ಮೊದಲು ವೈದ್ಯರನ್ನು ಕೇಳಿ: ಬಯಾಪ್ಸಿ ಚೂರಿನಲ್ಲಿ ಎಂಎಸ್‌ಐ, ಹರ್-2 (ಬೇರೆ ಔಷಧಕ್ಕೆ ಗುರಿಯಾಗುವ ಪ್ರೋಟೀನ್), ಸಿಪಿಎಸ್ ಮೂರನ್ನೂ ನೋಡಿದ್ದೀರಾ, ಅಂಕ ಎಷ್ಟು?