ಕ್ಯಾಮೆರಾ ಯಾರ ಪಕ್ಕದಲ್ಲಿ: ‘ಬರ’ ಚಿತ್ರ ಮತ್ತು ಸಿನಿಮಾದ ಮೂಲ ತಂತ್ರಗಳು

ಸಿನಿಮಾದ ತಂತ್ರವನ್ನು ಕುರಿತ ಮಾತು ಕನ್ನಡ ವಿಮರ್ಶೆಯಲ್ಲಿ ಬಹುಮಟ್ಟಿಗೆ ಛಾಯಾಗ್ರಹಣ ಸೊಗಸಾಗಿದೆ, ಸಂಕಲನ ಬಿಗಿಯಾಗಿದೆ ಎಂಬ ಒಂದೆರಡು ಷರಾಗಳಲ್ಲಿ ಮುಗಿದುಹೋಗುತ್ತದೆ. ಕಥೆ ಮತ್ತು ಅಭಿನಯಗಳ ಬಗ್ಗೆ ಧಾರಾಳವಾಗಿ ಬರೆಯುವವರೂ, ಆ ಕಥೆಯನ್ನು ಪ್ರೇಕ್ಷಕ ಎಷ್ಟು ದೂರದಿಂದ, ಯಾರ ಪಕ್ಕದಲ್ಲಿ ನಿಂತು, ಯಾವ ಸದ್ದುಗಳ ನಡುವೆ ಕಾಣುತ್ತಾನೆ ಎಂಬುದನ್ನು ವಿಚಾರಿಸುವುದು ಕಡಿಮೆ. ವಾಸ್ತವದಲ್ಲಿ ಪ್ರೇಕ್ಷಕನ ಸಹಾನುಭೂತಿ ಯಾರ ಕಡೆಗೆ ಹರಿಯಬೇಕೆಂಬುದನ್ನು ನಿರ್ಧರಿಸುವುದು ಈ ಮೂಲ ತಂತ್ರಗಳೇ. ಬೀದರ್ ಪರಿಸರದಲ್ಲಿ ಚಿತ್ರೀಕರಣಗೊಂಡ, ಎಂ.ಎಸ್. ಸತ್ಯು ನಿರ್ದೇಶನದ ‘ಬರ’ (1982) ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಅದರ ಹೆಚ್ಚುಗಾರಿಕೆ ಮತ್ತು ಕೊರತೆ ಎರಡಕ್ಕೂ ಮೂಲ ಒಂದೇ ಎಂಬುದು ತಿಳಿಯುತ್ತದೆ.

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರದ ಕೇಂದ್ರದಲ್ಲಿರುವವನು ಸತೀಶ ಎಂಬ ತರುಣ ಜಿಲ್ಲಾಧಿಕಾರಿ. ಅನಂತನಾಗ್ ಈ ಪಾತ್ರವನ್ನು ನಿರ್ವಹಿಸಿದ್ದಾರೆ. ಲವ್ಲೀನ್ ಮಧು ಮತ್ತು ಸಿ.ಆರ್. ಸಿಂಹ ಇತರ ಪ್ರಮುಖ ಪಾತ್ರಗಳಲ್ಲಿದ್ದಾರೆ. ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಬೇಕೆಂಬ ಸತೀಶನ ಒತ್ತಾಯ ರಾಜಕೀಯ ಲೆಕ್ಕಾಚಾರಗಳಿಗೆ ಸಿಕ್ಕಿ ನಿಂತಲ್ಲೇ ನಿಲ್ಲುತ್ತದೆ. ಹಸಿವಿನ ಜೊತೆಗೆ ಕೋಮುದ್ವೇಷವೂ ಹೊತ್ತಿಕೊಳ್ಳುತ್ತದೆ. ಇದೇ ಕಥೆ ‘ಸೂಖಾ’ ಎಂಬ ಹೆಸರಿನಲ್ಲಿ ಹಿಂದಿಗೂ ಬಂದು, 1983ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ರಾಷ್ಟ್ರೀಯ ಏಕತೆಯ ಚಿತ್ರಗಳಿಗೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯನ್ನು ಪಡೆಯಿತು. ‘ಗರ್ಮ್ ಹವಾ’ದಂಥ ಚಿತ್ರವನ್ನು ಕೊಟ್ಟ, ಅದಕ್ಕೂ ಮುಂಚೆ ‘ಹಕೀಕತ್’ ಚಿತ್ರದ ಕಲಾ ನಿರ್ದೇಶಕರಾಗಿ ಹೆಸರು ಮಾಡಿದ್ದ ಸತ್ಯು ಅವರಿಗೆ ಸ್ಥಳವೆಂಬುದು ಬರಿಯ ಹಿನ್ನೆಲೆಯಾಗಿರಲಿಲ್ಲವೆಂಬುದನ್ನು ಬೀದರಿನ ಆಯ್ಕೆಯೇ ತೋರಿಸುತ್ತದೆ.

ತಂತ್ರದ ಮೊದಲ ಘಟಕ ಶಾಟ್, ಅಂದರೆ ಕ್ಯಾಮೆರಾ ಒಮ್ಮೆ ಚಾಲೂ ಆಗಿ ನಿಲ್ಲುವವರೆಗೆ ದಾಖಲಾದ ತುಣುಕು. ವ್ಯಕ್ತಿಯನ್ನು ಅವನ ಸುತ್ತಲಿನ ಪರಿಸರದೊಡನೆ ಚಿಕ್ಕದಾಗಿ ತೋರಿಸಿದರೆ ಅದು ಲಾಂಗ್ ಶಾಟ್, ಮುಖವೇ ಚೌಕಟ್ಟನ್ನು ತುಂಬಿದರೆ ಕ್ಲೋಸಪ್. ಬೀದರ್ ಜಿಲ್ಲೆಯ ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆಯ ನೆಲ ಬಹುಪಾಲು ಬಯಲು. ಕಣ್ಣಿಗೆ ಅಡ್ಡ ಬರುವ ಕಾಡಿಲ್ಲ, ತೊಗರಿ, ಜೋಳಗಳ ಕಟಾವು ಮುಗಿದ ಮೇಲೆ ಹೊಲದಲ್ಲಿ ನಿಂತವನಿಗೂ ದಿಗಂತಕ್ಕೂ ನಡುವೆ ಏನೂ ಉಳಿಯುವುದಿಲ್ಲ. ಇಂಥ ನೆಲದಲ್ಲಿ ಲಾಂಗ್ ಶಾಟ್ ತಾನಾಗಿಯೇ ಬರದ ಮಾತನ್ನು ಆಡುತ್ತದೆ, ಏಕೆಂದರೆ ಮನುಷ್ಯ ಎಷ್ಟು ಸಣ್ಣವನು, ನೆರಳು ಎಷ್ಟು ದೂರದಲ್ಲಿದೆ ಎಂಬುದನ್ನು ಸಂಭಾಷಣೆಯ ನೆರವಿಲ್ಲದೆ ಪ್ರೇಕ್ಷಕ ಗ್ರಹಿಸುತ್ತಾನೆ. ಆದರೆ ದೂರದಿಂದ ಕಂಡ ಜನ ಗುಂಪಾಗಿ ಕಾಣುತ್ತಾರೆ, ಗುಂಪು ಬಹುಬೇಗ ಸಂಖ್ಯೆಯಾಗುತ್ತದೆ. ಸರ್ಕಾರಿ ಕಡತ ಹಳ್ಳಿಯನ್ನು ನೋಡುವ ಕ್ರಮಕ್ಕೂ ಲಾಂಗ್ ಶಾಟ್ ಹಳ್ಳಿಯನ್ನು ನೋಡುವ ಕ್ರಮಕ್ಕೂ ಇರುವ ಈ ಸಾಮ್ಯವೇ ಆ ತಂತ್ರದ ಅಪಾಯ. ಗುಂಪಿನಿಂದ ಒಬ್ಬನನ್ನು ಬಿಡಿಸಿ ತರಬಲ್ಲದ್ದು ಕ್ಲೋಸಪ್. ಹೀಗಾಗಿ ಯಾವ ಚಿತ್ರದಲ್ಲಾದರೂ ಯಾರ ಮುಖಕ್ಕೆ ಕ್ಯಾಮೆರಾ ಹತ್ತಿರ ಹೋಗುತ್ತದೆ ಎಂದು ಗಮನಿಸುವುದು ವಿಮರ್ಶೆಯ ಮೊದಲ ಕೆಲಸವಾಗಬೇಕು.

ಇದಕ್ಕೆ ಹೊಂದಿಕೊಂಡೇ ಇರುವುದು ದೃಷ್ಟಿಕೋನದ ಪ್ರಶ್ನೆ: ಘಟನೆಗಳ ತಿಳಿವಳಿಕೆ ಪ್ರೇಕ್ಷಕನಿಗೆ ಯಾವ ಪಾತ್ರದ ಮೂಲಕ ದಕ್ಕುತ್ತದೆ ಎಂಬುದು. ‘ಬರ’ದಲ್ಲಿ ಆ ಪಾತ್ರ ಜಿಲ್ಲಾಧಿಕಾರಿಯದು. ಒಂದು ಘೋಷಣೆಯ ಕಾಗದ ಹೊರಬೀಳದೆ ಹೇಗೆ ತಡೆಹಿಡಿಯಲ್ಪಡುತ್ತದೆ, ಪ್ರಾಮಾಣಿಕತೆ ಕಚೇರಿಯೊಳಗೆ ಹೇಗೆ ಒಂಟಿಯಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಲು ಈ ಆಯ್ಕೆಯಿಂದಲೇ ಸಾಧ್ಯವಾಗಿದೆ. ಆಡಳಿತದ ಒಳಗನ್ನು ಇಷ್ಟು ಹತ್ತಿರದಿಂದ ತೋರಿಸುವುದು ಈ ಚಿತ್ರದ ಹಿರಿಮೆ. ಅದಕ್ಕೆ ತೆತ್ತ ಬೆಲೆಯೂ ಇದೆ. ಹಸಿದವನ ಸಂಕಟ ಪ್ರೇಕ್ಷಕನನ್ನು ತಲುಪುವುದು ಅಧಿಕಾರಿಯ ಕಳವಳದ ಮೂಲಕ, ಆದ್ದರಿಂದ ಮುಂದೇನಾಗುವುದೋ ಎಂಬ ಕುತೂಹಲ ಅಧಿಕಾರಿಯ ನಿರ್ಧಾರಕ್ಕೆ ಅಂಟಿಕೊಳ್ಳುತ್ತದೆಯೇ ಹೊರತು, ಗುಳೆ ಹೋಗಬೇಕೋ ಊರಲ್ಲೇ ಉಳಿಯಬೇಕೋ ಎಂದು ತೂಗಿ ನೋಡುವ ರೈತನ ನಿರ್ಧಾರಕ್ಕಲ್ಲ.

ಅನಂತಮೂರ್ತಿಯವರದೇ ಇನ್ನೊಂದು ಕಥೆಯಿಂದ ಹುಟ್ಟಿದ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈ ಮಾತನ್ನು ಇನ್ನೊಂದು ದಿಕ್ಕಿನಿಂದ ಸ್ಪಷ್ಟಪಡಿಸುತ್ತದೆ. ಅಲ್ಲಿ ದೃಷ್ಟಿಕೋನ ವೇದಪಾಠಕ್ಕೆಂದು ಬಂದ ನಾಣಿ ಎಂಬ ಬಾಲಕನದು. ಗರ್ಭಿಣಿಯಾದ ವಿಧವೆ ಯಮುನೆಗೆ ಒದಗಿದ ಸಂಕಷ್ಟದ ಪೂರ್ಣಾರ್ಥ ಅವನಿಗೆ ತಿಳಿಯದು, ಆದರೆ ಅವಳ ಭಯ ತಿಳಿಯುತ್ತದೆ. ಅರ್ಥವಾಗದಿರುವುದೇ ಅನುಭವವನ್ನು ತೀವ್ರಗೊಳಿಸುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಕೊನೆಯಲ್ಲಿ ತಂದೆಯೊಡನೆ ಊರು ಬಿಟ್ಟು ಹೊರಟ ಹುಡುಗನಿಗೆ, ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನೆ ಕಾಣಿಸುತ್ತಾಳೆ. ಅವಳನ್ನು ಬಹಿಷ್ಕರಿಸಿದ್ದು ತಪ್ಪು ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಮಗುವಿನ ಪಕ್ಕದಲ್ಲಿ ನಿಲ್ಲಿಸಲ್ಪಟ್ಟ ಪ್ರೇಕ್ಷಕ ತಾನೇ ಆ ತೀರ್ಮಾನಕ್ಕೆ ಬರುತ್ತಾನೆ. ‘ಬರ’ದ ನಾಯಕ ಎಲ್ಲವನ್ನೂ ಬಲ್ಲ ವಿಚಾರವಂತನಾದುದರಿಂದ ಪ್ರೇಕ್ಷಕನ ತೀರ್ಮಾನಗಳಲ್ಲಿ ಹಲವನ್ನು ಅವನೇ ಮೊದಲು ಮಾಡಿಬಿಡುತ್ತಾನೆ.

ಸಂಕಲನವೆಂದರೆ ಶಾಟ್‌ಗಳನ್ನು ಕತ್ತರಿಸಿ ಒಂದರ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸುವ ಕೆಲಸ. ಎರಡು ಶಾಟ್‌ಗಳು ಸೇರಿದಾಗ ಯಾವೊಂದರಲ್ಲೂ ಇಲ್ಲದ ಮೂರನೆಯ ಅರ್ಥ ಮೂಡುತ್ತದೆ. ಸಮಯದ ಮೇಲೆ ಹಿಡಿತ ಕೊಡುವುದೂ ಇದೇ. ಬರವನ್ನು ಕುರಿತ ಯಾವ ಚಿತ್ರಕ್ಕೂ ಇದು ಕಠಿಣ ಪರೀಕ್ಷೆ, ಏಕೆಂದರೆ ಬರವೆಂಬುದು ಪ್ರವಾಹದಂತೆ ಒಂದು ದಿನದ ಘಟನೆಯಲ್ಲ. ಬಾವಿ ತಳ ಕಾಣುವುದು, ದನಗಳು ಸಂತೆಗೆ ಹೋಗುವುದು, ಬಿತ್ತನೆಯ ಕಾಳು ಅಡುಗೆಗೆ ಬರುವುದು, ಹೀಗೆ ತಿಂಗಳುಗಟ್ಟಲೆ ನಡೆಯುವ ಕುಸಿತ. ಬೇಗಬೇಗ ಕತ್ತರಿಸುತ್ತ ಹೋದರೆ ಕಥೆ ಓಡುತ್ತದೆ, ಕಾಯುವಿಕೆ ಅನುಭವಕ್ಕೆ ಬರುವುದಿಲ್ಲ. ಏನೂ ನಡೆಯದ ಶಾಟನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳುವ ಧೈರ್ಯವಿದ್ದಾಗ ಮಾತ್ರ ಪ್ರೇಕ್ಷಕ ಬರವನ್ನು ನೋಡುವುದರ ಜೊತೆಗೆ ಕಾಯುತ್ತಾನೆ.

ಬೆಳಕು, ಬಣ್ಣಗಳ ವಿಷಯದಲ್ಲೂ ಇಂಥದೇ ವಿವೇಚನೆ ಬೇಕಾಗುತ್ತದೆ. ‘ಘಟಶ್ರಾದ್ಧ’ದಲ್ಲಿ ಛಾಯಾಗ್ರಾಹಕ ಎಸ್. ರಾಮಚಂದ್ರ ಮಲೆನಾಡಿನ ಮನೆ ಮತ್ತು ಕಾಡುಗಳ ಕತ್ತಲನ್ನು ಕಪ್ಪುಬಿಳುಪಿನಲ್ಲಿ ದುಡಿಸಿಕೊಂಡರು. ಬೀದರಿನ ಕೆಂಪು ಮಣ್ಣು, ಜಂಬಿಟ್ಟಿಗೆಗಳ ನೆಲದಲ್ಲಿ ಬಣ್ಣವೇ ಮಾತಾಡುತ್ತದೆ, ಅಡಗಲು ಕತ್ತಲಿಲ್ಲ. ಬೇಸಿಗೆಯ ನಡುಹಗಲಲ್ಲಿ ಬೆಳಕು ನೆತ್ತಿಯ ಮೇಲಿಂದ ಬೀಳುವುದರಿಂದ ಹುಬ್ಬಿನ ನೆರಳು ಕಣ್ಣಿನ ಗುಳಿಗಳನ್ನು ತುಂಬುತ್ತದೆ. ಚಿತ್ರೀಕರಣದ ತಂಡಗಳು ರಿಫ್ಲೆಕ್ಟರ್ ಅಥವಾ ಥರ್ಮಾಕೋಲ್ ಹಾಳೆ ಹಿಡಿದು ಈ ನೆರಳನ್ನು ತೊಡೆಯುವುದು ರೂಢಿ. ಪ್ರೇಮಗೀತೆಗೆ ಈ ಉಪಾಯ ಯೋಗ್ಯವೇ. ಹಸಿದ ಮುಖದ ಮೇಲಿನ ನೆರಳನ್ನು ತೊಡೆದರೆ ಮಾತ್ರ ಬಿಸಿಲಿನ ಸತ್ಯವೇ ಅಳಿಸಿಹೋಗುತ್ತದೆ.

ಪ್ರೇಕ್ಷಕನನ್ನು ಊರಿನೊಳಕ್ಕೆ ಕರೆದೊಯ್ಯುವ ಶಕ್ತಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಧ್ವನಿಗೆ, ಮತ್ತು ಅತಿ ಕಡಿಮೆ ಚರ್ಚೆಗೆ ಬರುವುದೂ ಅದೇ. ಆ ಕಾಲದ ಬಹುಪಾಲು ಭಾರತೀಯ ಚಿತ್ರಗಳಲ್ಲಿ ಮಾತನ್ನು ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ಸೇರಿಸಲಾಗುತ್ತಿತ್ತು, ಇದು ಡಬ್ಬಿಂಗ್. ಸ್ಥಳದಲ್ಲೇ ನಟನೆಯ ಜೊತೆಗೆ ಮಾತನ್ನು ದಾಖಲಿಸುವುದು ಸಿಂಕ್ ಸೌಂಡ್. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ವೃತ್ತಿನಟರಲ್ಲದ ಹಳ್ಳಿಗರನ್ನಿಟ್ಟುಕೊಂಡು ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ಯ ಸೊಗಡಿನಲ್ಲಿ ಅರ್ಧ ಪಾಲು ಅದರ ಮಾತಿನ ಲಯದ್ದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವ ಗೌರವಿಸಿದ್ದು ಇಂಥ ಅಪ್ಪಟ ಸ್ಥಳೀಯತೆಯನ್ನೇ. ಬೀದರಿನ ನುಡಿಯಲ್ಲಿ ‘ಮಳಿ ಬರ್ಲತ್ತದ’ ಎನ್ನುವ ಕನ್ನಡದ ಮಗ್ಗುಲಲ್ಲೇ ದಖನಿ ಉರ್ದು, ಮರಾಠಿಗಳು ನಿತ್ಯ ಓಡಾಡುತ್ತವೆ. ಕೋಮುಗಳ ನಡುವಿನ ಬಿರುಕನ್ನು ಹೇಳಹೊರಟ ಕಥೆಗೆ, ಒಂದೇ ಚಹಾದ ಅಂಗಡಿಯಲ್ಲಿ ಬೆರೆತು ಕೇಳುವ ಈ ಮೂರು ಭಾಷೆಗಳಿಗಿಂತ ಬಲವಾದ ಸಾಕ್ಷ್ಯ ಬೇರೆ ಸಿಗಲಾರದು. ಕನ್ನಡ ಮತ್ತು ಹಿಂದಿ ಎರಡಕ್ಕೂ ಅಣಿಯಾಗಬೇಕಾದ ಕಥನಕ್ಕೆ ಈ ಬೆರಕೆಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸುಲಭವಲ್ಲ. ಎರಡೂ ಭಾಷೆಗಳಲ್ಲಿ ನಿಲ್ಲಬಲ್ಲ ಕಥೆ ಒಂದು ಊರಿನ ನಾಲಗೆಗೆ ಪೂರ್ತಿ ಒಪ್ಪಿಸಿಕೊಳ್ಳಲಾರದು.

ಇಷ್ಟಾದರೂ ‘ಬರ’ ತನ್ನ ಕಾಲದ ಕನ್ನಡ ಚಿತ್ರಗಳಲ್ಲಿ ಮಹತ್ವದ್ದು, ಏಕೆಂದರೆ ಹಸಿವಿಗೆ ಮಳೆಯ ಜೊತೆಗೆ ಮನುಷ್ಯರೂ ಕಾರಣರೆಂಬುದನ್ನು ಅದು ಆಡಳಿತದ ನಡೆಗಳ ಮೂಲಕವೇ ಕಾಣಿಸಿತು. ಅದು ಮಾಡದೆ ಬಿಟ್ಟ ಕೆಲಸ ಈಗ ಬೀದರ್ ಸೀಮೆಯವರೇ ಎತ್ತಿಕೊಳ್ಳಬಹುದಾದದ್ದು. ಮೊಬೈಲಿನಲ್ಲೇ ಚಿತ್ರೀಕರಿಸಿ ಸಂಕಲಿಸುವ ಅನುಕೂಲ ಬಂದಿರುವುದರಿಂದ ತಂತ್ರವೀಗ ದುಬಾರಿಯಾಗಿ ಉಳಿದಿಲ್ಲ. ಆದರೆ ಯಂತ್ರ ಅಗ್ಗವಾದ ಮಾತ್ರಕ್ಕೆ ದೃಷ್ಟಿ ಬದಲಾಗದು. ಅಧಿಕಾರಿಯ ಪಕ್ಕದಿಂದ ಎದ್ದು ಹೊಲದವನ ಪಕ್ಕಕ್ಕೆ ಕ್ಯಾಮೆರಾವನ್ನು ಒಯ್ದು, ಅವನ ಮಾತನ್ನು ತಿದ್ದದೆ ದಾಖಲಿಸುವ ಚಿತ್ರವೊಂದು ಬಂದಾಗ, ಅದನ್ನು ಅಳೆಯಲು ‘ಬರ’ವೇ ಸರಿಯಾದ ಮಾನದಂಡವಾಗುತ್ತದೆ.