ಮುಖ ನೋಡಿ ಕೊಟ್ಟ ಸಾಲ

ಅಮೆರಿಕದ ಸ್ಪ್ಯಾನಿಶ್ ಭಾಷಿಕ ವಲಸಿಗರ ವ್ಯಾಪಾರದ ಮಾತು ಬಂದರೆ ಮಿಯಾಮಿಯ ಕ್ಯೂಬನ್ನರ ಹೆಸರು ಮೊದಲು ಬರುತ್ತದೆ. ದುಡಿಮೆ, ಕುಟುಂಬ, ಒಗ್ಗಟ್ಟು ಅವರ ಸಂಸ್ಕೃತಿಯಲ್ಲೇ ಇವೆ ಎಂಬ ವಿವರಣೆಯೂ ಬೆನ್ನಿಗೇ ಬರುತ್ತದೆ. ಸಮಾಜಶಾಸ್ತ್ರಜ್ಞರಾದ ಅಲೆಹಾಂದ್ರೊ ಪೋರ್ತೆಸ್ ಮತ್ತು ರಾಬರ್ಟ್ ಬಾಕ್ ಅವರ 'ಲ್ಯಾಟಿನ್ ಜರ್ನಿ' (1985) ಎಂಬ ಪುಸ್ತಕ ಈ ವಿವರಣೆಯನ್ನು ಒರೆಗೆ ಹಚ್ಚಿತು. 1973ರ ಸುಮಾರಿಗೆ ಬಂದಿಳಿದ ಕ್ಯೂಬನ್ನರನ್ನೂ ಮೆಕ್ಸಿಕನ್ನರನ್ನೂ ಆರು ವರ್ಷಗಳವರೆಗೆ ಬೆನ್ನು ಹತ್ತಿ ಮಾತಾಡಿಸಿದ ಅಧ್ಯಯನವದು. ಎರಡೂ ಗುಂಪಿಗೆ ಭಾಷೆ ಒಂದೇ, ಧರ್ಮವೂ ಬಹುಪಾಲು ಒಂದೇ. ಆದರೂ ಸ್ವಂತ ಉದ್ದಿಮೆ ಹಿಡಿದವರ ಪ್ರಮಾಣ ಕ್ಯೂಬನ್ನರಲ್ಲಿ ಹಲವು ಪಟ್ಟು ಹೆಚ್ಚಿತ್ತು.

ಈ ಕ್ಯೂಬನ್ನರು ಬರುವ ಮೊದಲೇ ಮಿಯಾಮಿಯಲ್ಲಿ ಅವರವರ ಉದ್ದಿಮೆಗಳು ಬೇರೂರಿದ್ದವು. ಅದರ ಗುಟ್ಟು ಆ ಊರಿನ ಬ್ಯಾಂಕುಗಳಲ್ಲಿದೆ. ಅರವತ್ತರ ದಶಕದಲ್ಲಿ ಅಲ್ಲಿನ ಕೆಲವು ಬ್ಯಾಂಕುಗಳ ಸಾಲದ ಮೇಜಿನಲ್ಲಿ ಕೂತವರೇ ಕ್ಯೂಬಾದಿಂದ ಓಡಿಬಂದಿದ್ದ ಬ್ಯಾಂಕರುಗಳು. ಎದುರಿಗೆ ಕೂತವನ ಬಳಿ ಅಡವಿಡಲು ಏನೂ ಇಲ್ಲ. ಹವಾನಾದಲ್ಲಿ ಅವನ ವ್ಯವಹಾರ ಹೇಗಿತ್ತು, ಮಾತಿಗೆ ನಿಲ್ಲುವವನೇ ಎಂಬುದು ಮಾತ್ರ ಇವರಿಗೆ ಗೊತ್ತು. ಅಷ್ಟರ ಮೇಲೆ 10,000ದಿಂದ 30,000 ಡಾಲರ್ ಸಾಲ ಸಿಗುತ್ತಿತ್ತು. ಇದನ್ನು ಜನಾಂಗದ ಒಗ್ಗಟ್ಟೆನ್ನಬಹುದು. ಆದರೆ 1973ರ ಹೊತ್ತಿಗೆ ಈ ಸಾಲ ನಿಂತುಹೋಯಿತು. ಆಮೇಲೆ ಬಂದವರು ಮೇಲ್ವರ್ಗದವರಲ್ಲ, ಬ್ಯಾಂಕರುಗಳಿಗೆ ಗುರುತಿನವರೂ ಅಲ್ಲ. ದೇಶ ಅದೇ, ಭಾಷೆ ಅದೇ, ಬದಲಾಗಿದ್ದು ವರ್ಗ. ಮುಖ ನೋಡಿ ಮಣೆ ಹಾಕುವುದನ್ನು ನಾವು ಸಂಸ್ಕೃತಿಯೆಂದು ಹೊಗಳುತ್ತ ಬಂದಿದ್ದೇವೆ. ಸರ್ಕಾರದ ಕೈಯೂ ಇತ್ತು: 1966ರ ಕಾಯಿದೆ ಕ್ಯೂಬನ್ನರಿಗೆ ಕಾಯಂ ನಿವಾಸದ ಹಾದಿ ತೆರೆದಿತ್ತು. ಗಡಿ ದಾಟಿ ಬಂದ ಮೆಕ್ಸಿಕನ್ ಕೂಲಿಗೆ ಅಂಥ ಹಾದಿಯಿರಲಿಲ್ಲ.

ಆದರೂ 'ಲ್ಯಾಟಿನ್ ಜರ್ನಿ'ಯಲ್ಲಿ ನನಗೆ ಒಪ್ಪಿಗೆಯಾಗದ ಭಾಗವಿದೆ. ತಮ್ಮವರ ಉದ್ದಿಮೆಯಲ್ಲಿ ದುಡಿಯುವವರಿಗೂ ಮೇಲೇರುವ ಅವಕಾಶವಿದೆ ಎಂಬ ಅದರ ಭರವಸೆ ಅತಿಯಾಯಿತು. ಸಮಾಜಶಾಸ್ತ್ರಜ್ಞರಾದ ಜಿಮಿ ಸ್ಯಾಂಡರ್ಸ್ ಮತ್ತು ವಿಕ್ಟರ್ ನೀ 1987ರಲ್ಲೇ ಎತ್ತಿದ ಆಕ್ಷೇಪ ಗಟ್ಟಿಯಾಗಿದೆ: ಲಾಭ ಹೆಚ್ಚಾಗಿ ಮಾಲೀಕನಿಗೆ, ಕೆಲಸಗಾರನಿಗಲ್ಲ. ಮಿಯಾಮಿಯ ಸಿದ್ಧ ಉಡುಪಿನ ಉದ್ಯಮ ನಿಂತದ್ದೇ ಕ್ಯೂಬನ್ ಹೆಂಗಸರ ಹೊಲಿಗೆಯ ಮೇಲೆ. ಗಂಡನ ಅಂಗಡಿ ಏಳುವವರೆಗೆ ಮನೆ ನಡೆಸಿದ ಆ ಸಂಬಳವನ್ನು ಯಶಸ್ಸಿನ ಲೆಕ್ಕದಲ್ಲಿ ಯಾರೂ ಜಮೆ ಮಾಡುವುದಿಲ್ಲ. ಹ್ಯೂಸ್ಟನ್ನಿನ ಹೋಟೆಲ್ ಮಾಲೀಕರ ಬಗ್ಗೆ ಜುಲೆಮಾ ವಾಲ್ಡೆಸ್ 2011ರಲ್ಲಿ ಬರೆದ ಪುಸ್ತಕ ಜನಾಂಗದ ಜೊತೆಗೆ ವರ್ಗ ಮತ್ತು ಲಿಂಗವನ್ನೂ ಒಟ್ಟಿಗಿಟ್ಟು ನೋಡುತ್ತದೆ. ಅದಕ್ಕೇ ಅದು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಒಗ್ಗಟ್ಟು ಮೆಕ್ಸಿಕನ್ನರಲ್ಲಿ ಇಲ್ಲವೆಂದಲ್ಲ. ಅವರ 'ತಾಂದಾ' ನಮ್ಮ ಚೀಟಿ ವ್ಯವಹಾರದಂತೆಯೇ: ವಾರವಾರ ಎಲ್ಲರೂ ಹಣ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಎತ್ತಿಕೊಳ್ಳುತ್ತಾರೆ. ಆ ಹಣದಲ್ಲಿ ಲಾಸ್ ಏಂಜಲೀಸಿನ ಬೀದಿಗೆ ಒಂದು ಗಾಡಿ ಬರಬಹುದು, ಬಣ್ಣದ ಕೊಡೆಯ ಕೆಳಗೆ ಮಾವು, ಸೌತೆ ಹೆಚ್ಚಿ ನಿಂಬೆರಸ, ಖಾರದಪುಡಿ ಉದುರಿಸಿ ಕೊಡಬಹುದು. ಗ್ರಾಹಕರನ್ನು ಕರೆತರುವಷ್ಟು ಶಕ್ತಿ ಆ ರುಚಿಗಿದೆ. ಗಾಡಿಯನ್ನು ಜಪ್ತಿಯಿಂದ ಉಳಿಸುವ ಶಕ್ತಿ ಅದಕ್ಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೀದಿ ವ್ಯಾಪಾರ ಅಪರಾಧವಲ್ಲವೆಂದು ಕಾನೂನಾದದ್ದು 2018ರಲ್ಲಿ. ಆಗಲೂ ಆರೋಗ್ಯ ಇಲಾಖೆಯ ಪರವಾನಗಿಗೆ ಬೇಕಾದ ಗಾಡಿ ಇಂಥವರ ಕೈಗೆಟುಕುವ ಬೆಲೆಯದ್ದಾಗಿರಲಿಲ್ಲ. ಆ ನಿಯಮ ಸಡಿಲಿಸಲು 2022ರಲ್ಲಿ ಇನ್ನೊಂದು ಕಾನೂನು ಬರಬೇಕಾಯಿತು.